ಕೊಡಗಿನ ಕ್ಯಾಥೋಲಿಕ್ ಪ್ರಾಥಮಿಕ ಶಾಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಕ್ಷಿಣ ಕೊಡಗಿನ ಒಂದು ಕ್ಯಾಥೋಲಿಕ್ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡಿ ನಿವೃತ್ತಳಾದವಳು. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಲ್ಲಿ, ಫೋನಲ್ಲಿ, ಎಲ್ಲಿ ಸಿಕ್ಕರೂ ಅಪ್ಪ ಅಮ್ಮಂದಿರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರು ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ. ನಾನು ಯಾವ ಶಾಲೆಯ ಪರವಾಗಿಯೂ ಮಾತಾಡುತ್ತಿಲ್ಲ. ಹಾಗಾಗಿ ಹೊಗಳಿಕೆ ಎಷ್ಟಿದೆಯೋ ಬೈಗುಳವೂ ಅಷ್ಟೇ ಇರಬಹುದು.

## ಮೊದಲು ಕೇಳುವವು

ಬೋರ್ಡಲ್ಲಿ ‘ಸೇಂಟ್’ ಅಂತ ಇದ್ರೆ ಅದು ಕ್ಯಾಥೋಲಿಕ್ ಶಾಲೆನೇ ಅಲ್ವಾ?

ಅಲ್ಲ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮ ಕಡೆ ಇಂಗ್ಲಿಷ್ ಕಲಿಸುವ ಶಾಲೆಗೆಲ್ಲ ಕಾನ್ವೆಂಟ್ ಅನ್ನುವ ರೂಢಿ ಬೇರೆ ಇದೆ. ನೋಡಬೇಕಾದ್ದು ಆಡಳಿತ ಯಾರ ಕೈಯಲ್ಲಿದೆ ಅಂತ. ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ, ಅಂದರೆ ಮೈಸೂರಿನ ಬಿಷಪ್ಪರ ಆಡಳಿತದ ಸೀಮೆಗೆ, ಸೇರುತ್ತದೆ. ಕೆಲವು ಶಾಲೆಗಳನ್ನು ಧರ್ಮಕ್ಷೇತ್ರವೇ ನಡೆಸುತ್ತದೆ, ಅಲ್ಲಿ ಊರಿನ ಚರ್ಚಿನ ಫಾದರ್ ವ್ಯವಸ್ಥಾಪಕರಾಗಿರುತ್ತಾರೆ. ಇನ್ನು ಕೆಲವನ್ನು ಸಿಸ್ಟರ್‌ಗಳ ಅಥವಾ ಬ್ರದರ್‌ಗಳ ಸಭೆಗಳು, ಅಂದರೆ ವ್ರತ ತೊಟ್ಟು ಒಟ್ಟಿಗೆ ಬಾಳುವವರ ಸಂಘಗಳು, ನಡೆಸುತ್ತವೆ. ಇವೆರಡೂ ಅಲ್ಲದೆ ಒಬ್ಬ ಖಾಸಗಿ ವ್ಯಕ್ತಿಯೋ ಟ್ರಸ್ಟೋ ನಡೆಸುವ ‘ಸೇಂಟ್’ ಶಾಲೆಗಳೂ ಇವೆ. ಅವು ಚೆನ್ನಾಗಿರಬಹುದು, ಆದರೆ ಚರ್ಚಿಗೂ ಅವಕ್ಕೂ ಸಂಬಂಧ ಇರಬೇಕಾಗಿಲ್ಲ.

ಚರ್ಚಿನ ಕಾನೂನೇ ಇದನ್ನು ಹೇಳುತ್ತದೆ. 1983ರ ಧರ್ಮಸಭೆಯ ಸಂಹಿತೆಯ 803ನೇ ಕಲಂ ಪ್ರಕಾರ ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಯಾವ ಶಾಲೆಯೂ ತನ್ನನ್ನು ಕ್ಯಾಥೋಲಿಕ್ ಶಾಲೆ ಅಂತ ಕರೆದುಕೊಳ್ಳುವ ಹಾಗಿಲ್ಲ. ಆಫೀಸಿನಲ್ಲಿ ನೇರವಾಗಿ ಕೇಳಿ. ನಿಜವಾಗಿದ್ದರೆ ಒಂದೇ ಮಾತಲ್ಲಿ ಉತ್ತರ ಸಿಗುತ್ತದೆ.

ಹಾಗೇ ಕ್ರೈಸ್ತರದ್ದೆಲ್ಲ ಕ್ಯಾಥೋಲಿಕ್ ಅಲ್ಲ. ನಮ್ಮ ಜನರಲ್ ತಿಮ್ಮಯ್ಯನವರು ಚಿಕ್ಕವರಿದ್ದಾಗ ಓದಿದ್ದು ಕೂನೂರಿನ ಸೇಂಟ್ ಜೋಸೆಫ್ಸ್‌ನಲ್ಲಿ, ಅದು ಕ್ಯಾಥೋಲಿಕ್ ಬ್ರದರ್‌ಗಳದ್ದು. ಆಮೇಲೆ ಹೋದದ್ದು ಬೆಂಗಳೂರಿನ ಬಿಷಪ್ ಕಾಟನ್‌ಗೆ, ಅದು ಆಂಗ್ಲಿಕನ್ ಶಾಲೆ. ಬೇರೆ ಪಂಗಡ, ಬೇರೆ ಆಡಳಿತ.

ನಾವು ಕೊಡವರು, ಪಕ್ಕದ ಮನೆಯವರು ಮುಸ್ಲಿಮರು. ನಮಗೆಲ್ಲ ಸೀಟು ಕೊಡ್ತಾರಾ?

ಕೊಡುತ್ತಾರೆ. ನಮ್ಮ ಜಿಲ್ಲೆಯ ಬಹುತೇಕ ಕ್ಯಾಥೋಲಿಕ್ ಶಾಲೆಗಳ ಹಾಜರಿ ಪುಸ್ತಕ ತೆಗೆದು ನೋಡಿದರೆ ಕ್ರೈಸ್ತ ಹೆಸರುಗಳೇ ಕಡಿಮೆ ಇರುತ್ತವೆ. ಸರ್ಕಾರದ ಅನುದಾನ ಪಡೆಯುವ ಶಾಲೆಯಾದರೆ ಸಂವಿಧಾನದ 29(2)ನೇ ವಿಧಿ ಇದೆ: ಧರ್ಮ, ಜಾತಿ, ಭಾಷೆ ಇಷ್ಟೇ ಕಾರಣಕ್ಕೆ ಪ್ರವೇಶ ನಿರಾಕರಿಸುವ ಹಾಗಿಲ್ಲ. ಅನುದಾನ ಇಲ್ಲದ ಶಾಲೆಗಳೂ ಎಲ್ಲರನ್ನೂ ಸೇರಿಸಿಕೊಳ್ಳುತ್ತವೆ. ಸೀಟು ಕಡಿಮೆ ಇದ್ದಾಗ ಕ್ಯಾಥೋಲಿಕ್ ಮಕ್ಕಳಿಗೆ, ಅಣ್ಣ ಅಕ್ಕ ಅಲ್ಲೇ ಓದುತ್ತಿರುವ ಮಕ್ಕಳಿಗೆ ಮೊದಲ ಆದ್ಯತೆ ಕೊಡುವುದುಂಟು. ಅದನ್ನು ಮುಚ್ಚಿಡದೆ ಹೇಳಿದರೆ ಸಾಕು, ತಪ್ಪೇನಿಲ್ಲ.

ಪ್ರಾರ್ಥನೆ ಹೇಳಿಸಿ ಹೇಳಿಸಿ ಮಗುನ ಕ್ರಿಶ್ಚಿಯನ್ ಮಾಡಿಬಿಡ್ತಾರೆ ಅಂತಾರಲ್ಲ?

ಈ ಪ್ರಶ್ನೆ ಕೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ, ಕೇಳುವ ಹಕ್ಕಿದೆ. ಬೆಳಗಿನ ಸಭೆಯಲ್ಲಿ ಪ್ರಾರ್ಥನೆ ಇರುತ್ತದೆ, ಗೋಡೆಯ ಮೇಲೆ ಶಿಲುಬೆ ಇರುತ್ತದೆ, ಕ್ರಿಸ್‌ಮಸ್ ಹೊತ್ತಿಗೆ ಗೋದಲಿ ಕಟ್ಟುತ್ತಾರೆ. ಇದು ಅವರ ಶಾಲೆ, ಇದು ಅವರ ನಂಬಿಕೆ. ಆದರೆ ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೋ ಪೂಜೆಗೋ ಯಾರನ್ನೂ ಕಡ್ಡಾಯವಾಗಿ ಕೂರಿಸುವಂತಿಲ್ಲ. ಮಗುವಾದರೆ ಪೋಷಕರ ಒಪ್ಪಿಗೆ ಬೇಕೇ ಬೇಕು. ನಿಮಗೆ ಇಷ್ಟವಿಲ್ಲದಿದ್ದರೆ ಸೇರಿಸುವಾಗಲೇ ಒಂದು ಸಾಲು ಬರೆದು ಕೊಡಿ.

ನನ್ನ ಅನುಭವ ಹೇಳುವುದಾದರೆ, ಸಭೆಯಲ್ಲಿ ಹಾಡಿದ ಮಕ್ಕಳು ಮನೆಗೆ ಹೋಗಿ ಐನ್‌ಮನೆಯಲ್ಲಿ (ಕೊಡವರ ಮೂಲಮನೆ) ಕಾರೋಣರಿಗೆ, ಅಂದರೆ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಕೈಮುಗಿದು ನಿಲ್ಲುತ್ತಾರೆ. ಎರಡಕ್ಕೂ ಮಕ್ಕಳ ಮನಸ್ಸಲ್ಲಿ ಜಾಗ ಇದೆ. ಗೊಂದಲ ಆಗುವುದು ದೊಡ್ಡವರಿಗೇ ಜಾಸ್ತಿ.

ಒಂದನೇ ಕ್ಲಾಸಿಗೆ ವಯಸ್ಸು ಎಷ್ಟು ಆಗಿರಬೇಕು?

ಎಲ್ಲ ಶಾಲೆಗಳಿಗೂ ಸರ್ಕಾರದ ನಿಯಮವೇ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ಮೂಲ ನಿಯಮ. 2025-26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದ್ದರು. ಆಯಾ ವರ್ಷದ ಸುತ್ತೋಲೆಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಕೇಳಿಕೊಳ್ಳಿ. ಫಾದರ್ ಹತ್ತಿರ ಶಿಫಾರಸು ಮಾಡಿಸಿ ವಯಸ್ಸು ಕಡಿಮೆ ಇರುವ ಮಗುವನ್ನು ನೂಕಲು ಹೋಗಬೇಡಿ. ಪೆನ್ಸಿಲ್ ಹಿಡಿಯಲು ಬೆರಳೇ ಗಟ್ಟಿಯಾಗಿರುವುದಿಲ್ಲ, ಪಾಪ.

## ಶುರುವಾದ ಕಥೆ

ಕೊಡಗಿಗೆ ಕ್ಯಾಥೋಲಿಕರು ಬಂದದ್ದೇ ಹೇಗೆ? ಕಾಫಿ ತೋಟದ ದೊರೆಗಳ ಜೊತೆನಾ?

ಅದಕ್ಕಿಂತ ಮುಂಚೆಯೇ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕೊಂಕಣಿ ಕ್ಯಾಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಅಲ್ಲಿಂದ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ. ಆ ಅರಸನೂ ಅದೇ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು. ಓಡಿ ಬಂದವರ ಕಷ್ಟ ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1792ರಲ್ಲಿ ಅವನೇ ವೀರರಾಜೇಂದ್ರಪೇಟೆಯನ್ನು, ಅಂದರೆ ನಮ್ಮ ವಿರಾಜಪೇಟೆಯನ್ನು, ಕಟ್ಟಿದ. ಈ ಜನರಿಗೆ ಅಲ್ಲಿ ನೆಲೆ ಸಿಕ್ಕಿತು. ಸಂತ ಅನ್ನಮ್ಮನವರ ಚರ್ಚಿನ ಮೂಲ ಕೂಡ ಅದೇ 1792. ಈಗ ಪೇಟೆಯಲ್ಲಿ ಕಾಣುವ ಎತ್ತರದ ಗೋಪುರದ ಚರ್ಚು ಆ ಹಳೆಯದರ ಮುಂದುವರಿಕೆ.

ಹೀಗೆ ಇಲ್ಲಿನ ಮೊದಲ ಕ್ಯಾಥೋಲಿಕರು ಕೊಡಗಿನ ಅರಸನ ಆಶ್ರಯದಲ್ಲಿದ್ದ ನಿರಾಶ್ರಿತರು. ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. ಆಮೇಲೆ ತೋಟಗಳು ಬಂದವು, ತಮಿಳು, ಮಲಯಾಳಂ, ಕನ್ನಡ ಮಾತಾಡುವ ಕ್ಯಾಥೋಲಿಕರೂ ಕೆಲಸ ಹುಡುಕಿಕೊಂಡು ಬಂದರು.

ಶಾಲೆಗಳನ್ನ ಕಟ್ಟಿದ್ದು ಬ್ರಿಟಿಷರು, ಇಲ್ಲಾ ಬಾಸೆಲ್ ಮಿಷನ್‌ನವರು ಅಂತ ಓದಿದ್ದೆ. ಅದೇ ತಾನೇ ಇದು?

ಇಲ್ಲಿ ಮೂರು ಬೇರೆ ಬೇರೆ ಎಳೆಗಳಿವೆ. ಜನ ಮೂರನ್ನೂ ಒಂದೇ ಅಂದುಕೊಂಡಿದ್ದಾರೆ.

ಮಡಿಕೇರಿಯ ಸೆಂಟ್ರಲ್ ಸ್ಕೂಲ್ ಸರ್ಕಾರದ್ದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಓದಿದ್ದು ಅಲ್ಲೇ. ಅದರ ಮುಖ್ಯಸ್ಥರಾಗಿದ್ದ ರಿಕ್ಟರ್ ಜರ್ಮನ್ ಮಿಷನರಿ, 1870ರಲ್ಲಿ ಕೊಡಗಿನ ಬಗ್ಗೆ ದೊಡ್ಡ ಕೈಪಿಡಿ ಬರೆದವರು. ಅವರೂ, 1850ರ ದಶಕದಲ್ಲಿ ಇಲ್ಲಿಗೆ ಬಂದ ಮೋಗ್ಲಿಂಗ್ ಅವರೂ ಪ್ರಾಟೆಸ್ಟಂಟರು, ಬಾಸೆಲ್ ಮಿಷನ್ ಎಳೆಯವರು. ಮಡಿಕೇರಿ ಕೋಟೆಯೊಳಗೆ ಈಗ ಮ್ಯೂಸಿಯಂ ಆಗಿರುವ ಚರ್ಚು ಆಂಗ್ಲಿಕನ್ನರದ್ದು. ಕ್ಯಾಥೋಲಿಕ್ ಎಳೆ ಬೇರೆಯದೇ. ಅದು ಫ್ರೆಂಚ್ ಪಾದ್ರಿಗಳ ಮೂಲಕ ಬಂತು. ಪ್ಯಾರಿಸ್‌ನ ವಿದೇಶಿ ಮಿಷನ್ ಸಂಘದವರು ಮೈಸೂರು ಸೀಮೆಯನ್ನು ನೋಡಿಕೊಳ್ಳುತ್ತಿದ್ದರು. 1850ರಲ್ಲಿ ಮೈಸೂರಿಗೆ ಪ್ರತ್ಯೇಕ ಆಡಳಿತ ಸಿಕ್ಕಿ, 1886ರಲ್ಲಿ ಅದು ಧರ್ಮಕ್ಷೇತ್ರವಾಯಿತು. ದೊರೆಗಳ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಆ ಪಾದ್ರಿಗಳ ಮೊದಲ ಕೆಲಸವಾಗಿರಲಿಲ್ಲ. ಅವರಿಗೇ ಇಂಗ್ಲಿಷ್ ಎರಡನೇ ಭಾಷೆ, ಇನ್ನೇನು! ಚರ್ಚಿನ ಪಕ್ಕ ಒಂದು ಕೋಣೆ, ಅಕ್ಷರ, ಲೆಕ್ಕ, ಧರ್ಮೋಪದೇಶ: ಮಿಷನ್ ಶಾಲೆ ಅಂದರೆ ಎಲ್ಲ ಕಡೆ ಮೊದಲಿಗೆ ಇಷ್ಟೇ ಇರುತ್ತಿತ್ತು.

ಬಡ ಮಕ್ಕಳಿಗೆ ಚರ್ಚು ಶಾಲೆ ನಡೆಸೋದು ಅನ್ನೋ ಯೋಚನೆ ಯಾರದು?

ಹಳೆಯದು. ಆದರೆ ಈಗ ನಾವು ನೋಡುವ ಪ್ರಾಥಮಿಕ ಶಾಲೆಯ ರೂಪಕ್ಕೆ ಒಬ್ಬರ ಹೆಸರು ಹೇಳಲೇಬೇಕು, ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್. ಫ್ರಾನ್ಸ್‌ನ ರೀಮ್ಸ್ ಪಟ್ಟಣದ ಶ್ರೀಮಂತ ಮನೆತನದ ಪಾದ್ರಿ, 1651ರಲ್ಲಿ ಹುಟ್ಟಿದವರು. 1679ರಲ್ಲಿ ಬಡ ಹುಡುಗರ ಶಾಲೆಯೊಂದಕ್ಕೆ ಸುಮ್ನೆ ಸಹಾಯ ಮಾಡಲು ಹೋಗಿ ಅದರಲ್ಲೇ ಮುಳುಗಿದರು. ಮೇಷ್ಟ್ರುಗಳಿಗೆ ಪಾಠ ಮಾಡಲು ಬರುವುದಿಲ್ಲ ಅಂತ ಕಂಡಾಗ ಅವರನ್ನು ತನ್ನ ಮನೆಗೇ ಕರೆಸಿಕೊಂಡು ತರಬೇತಿ ಕೊಟ್ಟರು. ಮನೆಯವರಿಗೆ ಸಿಟ್ಟು ಬಂತು. ಬರಗಾಲ ಬಂದಾಗ ತನ್ನ ಆಸ್ತಿಯನ್ನು ಹಸಿದವರಿಗೆ ಹಂಚಿದರು.

ಅವರು ಮಾಡಿದ ಬದಲಾವಣೆಗಳು ಈಗ ತೀರಾ ಮಾಮೂಲಿ ಅನ್ನಿಸುತ್ತವೆ. ಒಬ್ಬೊಬ್ಬರನ್ನೇ ಕರೆದು ಪಾಠ ಒಪ್ಪಿಸಿಕೊಳ್ಳುವ ಬದಲು ಒಂದೇ ಮಟ್ಟದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಿದರು. ಲ್ಯಾಟಿನ್‌ನಲ್ಲಿ ಓದು ಶುರು ಮಾಡಿಸುತ್ತಿದ್ದ ಕಾಲದಲ್ಲಿ ಮಕ್ಕಳ ಮಾತೇ ಆದ ಫ್ರೆಂಚ್‌ನಲ್ಲಿ ಶುರು ಮಾಡಿಸಿದರು. ಫೀಸು ಕೊಡುವ ಮಗು, ಕೊಡದ ಮಗು ಅಂತ ಬೇರೆ ಕೂರಿಸಲಿಲ್ಲ. 1950ರಲ್ಲಿ ಚರ್ಚು ಅವರನ್ನು ಶಿಕ್ಷಕರ ಪಾಲಕ ಸಂತ ಅಂತ ಸಾರಿತು.

ಅಮೆರಿಕದಲ್ಲಿ ಇದೇ ಕೆಲಸ ಮಾಡಿದವರು ಎಲಿಜಬೆತ್ ಆನ್ ಸೀಟನ್. ಐದು ಮಕ್ಕಳ ವಿಧವೆ ತಾಯಿ. 1810ರಲ್ಲಿ ಮೇರಿಲ್ಯಾಂಡ್‌ನ ಎಮಿಟ್ಸ್‌ಬರ್ಗ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಶಾಲೆ ತೆರೆದರು. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಬಿಷಪ್ಪರು ಪ್ರತಿ ಚರ್ಚಿನ ಹತ್ತಿರವೂ ಒಂದು ಶಾಲೆ ಇರಬೇಕು ಅಂತ ನಿರ್ಣಯ ಮಾಡಿದರು. ಚರ್ಚು, ಪಕ್ಕದಲ್ಲೇ ಶಾಲೆ ಅನ್ನುವ ಜೋಡಿ ಅಲ್ಲಿ ಊರೂರಿಗೂ ಗಟ್ಟಿಯಾದದ್ದು ಹೀಗೆ.

ಸಿಸ್ಟರ್‌ಗಳೇ ಯಾಕೆ ಜಾಸ್ತಿ? ಅವರಿಗೆ ಸಂಬಳ ಇಲ್ವಾ?

ಸಿಸ್ಟರ್‌ಗಳ ಎಷ್ಟೋ ಸಭೆಗಳು ಹುಟ್ಟಿದ್ದೇ ಹೆಣ್ಣುಮಕ್ಕಳಿಗೆ ಓದು ಕಲಿಸಲು. ನಮ್ಮ ಸೀಮೆಗೆ ಹತ್ತಿರದ ಎರಡು ಹೇಳುತ್ತೇನೆ. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಫ್ರಾನ್ಸ್‌ನಿಂದ ಮಂಗಳೂರಿಗೆ ಬಂದರು. ಬೆಥನಿ ಸಿಸ್ಟರ್‌ಗಳ ಸಭೆ ಮಂಗಳೂರಿನಲ್ಲೇ 1921ರಲ್ಲಿ ಹುಟ್ಟಿತು, ಕಟ್ಟಿದವರು ಬೆಂದೂರಿನ ಪಾದ್ರಿ ರೇಮಂಡ್ ಮಸ್ಕರೇನ್ಹಸ್. ಹಳ್ಳಿ ಕಡೆಯ ಹೆಣ್ಣುಮಕ್ಕಳು ಶಾಲೆ ಕಾಣದೆ ಉಳಿಯುತ್ತಾರೆ ಅನ್ನುವುದು ಅವರ ಚಿಂತೆಯಾಗಿತ್ತು.

ಸಂಬಳದ ವಿಷಯ: ಅನುದಾನಿತ ಹುದ್ದೆಯಲ್ಲಿರುವ ಸಿಸ್ಟರ್‌ಗೆ ಸರ್ಕಾರದ ಸಂಬಳ ಬರುತ್ತದೆ, ಆದರೆ ಬಡತನದ ವ್ರತ ಇರುವುದರಿಂದ ಅದು ಮಠದ ಖಾತೆಗೆ ಸೇರುತ್ತದೆ. ಈಗ ಸಿಸ್ಟರ್ ಆಗುವವರೇ ಕಡಿಮೆ. ಹಾಗಾಗಿ ಟೀಚರ್‌ಗಳಲ್ಲಿ ನನ್ನಂಥ ಸಂಸಾರಸ್ಥರೇ ಹೆಚ್ಚು. ಅವರಿಗೆ ಸಂಬಳ ಕೊಡಲೇಬೇಕು. ಫೀಸು ಏರಲು ಇದೂ ಒಂದು ಕಾರಣ. ಇದನ್ನು ಯಾರೂ ಪೋಷಕರ ಸಭೆಯಲ್ಲಿ ಬಿಡಿಸಿ ಹೇಳುವುದಿಲ್ಲ.

ಈಗ ಒಂದು ಹೊಸ ಕ್ಯಾಥೋಲಿಕ್ ಶಾಲೆ ಶುರು ಮಾಡೋದು ಹೇಗೆ? ನಮ್ಮೂರಿಗೂ ಒಂದು ತರಬಹುದಾ?

ಮೊದಲು ಬಿಷಪ್ಪರ ಒಪ್ಪಿಗೆ. ಸಿಸ್ಟರ್‌ಗಳ ಸಭೆಯೇ ನಡೆಸುವುದಾದರೂ ಅದು ಬೇಕು. ಆಮೇಲೆ ಜಾಗ. ಕೊಡಗಿನಲ್ಲಿ ಇದೇ ದೊಡ್ಡ ತಲೆನೋವು. ಜಮ್ಮಾ ಜಮೀನು (ವಂಶಪಾರಂಪರ್ಯದ ಹಿಡುವಳಿ), ಪೈಸಾರಿ (ಸರ್ಕಾರಿ ಜಾಗ), ಕಾಡಂಚು, ಇಳಿಜಾರು, ಯಾವುದನ್ನು ಮುಟ್ಟಿದರೂ ಒಂದು ಕಡತ ಎದ್ದು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ ಮೇಲೆ ಇಳಿಜಾರಿನಲ್ಲಿ ಶಾಲೆ ಕಟ್ಟುವ ಮಾತು ಯಾರೂ ಸುಲಭವಾಗಿ ಆಡುವುದಿಲ್ಲ, ಆಡಲೂ ಬಾರದು. ಜಾಗ ಸಿಕ್ಕ ಮೇಲೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ನೋಂದಣಿ, ಮಾನ್ಯತೆ, ಕಟ್ಟಡ ಮತ್ತು ಅಗ್ನಿಸುರಕ್ಷತೆ ಪತ್ರಗಳು, ಕೊನೆಗೆ ಯು-ಡೈಸ್ ಸಂಖ್ಯೆ, ಅಂದರೆ ಶಾಲೆಯ ಸರ್ಕಾರಿ ಗುರುತಿನ ಸಂಖ್ಯೆ. ಅಲ್ಪಸಂಖ್ಯಾತ ಸಂಸ್ಥೆ ಅನ್ನುವ ಪ್ರಮಾಣಪತ್ರಕ್ಕೆ 2004ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಆಯೋಗಕ್ಕೂ ಅರ್ಜಿ ಹಾಕಬಹುದು.

ಸಾಮಾನ್ಯವಾಗಿ ಎಲ್‌ಕೆಜಿ, ಯುಕೆಜಿ ತೆರೆದು, ಆ ಮಕ್ಕಳು ದೊಡ್ಡವರಾದ ಹಾಗೆ ವರ್ಷಕ್ಕೊಂದು ತರಗತಿ ಸೇರಿಸುತ್ತಾ ಹೋಗುತ್ತಾರೆ. ಹಾಗಾಗಿ ಮೊದಲ ತಂಡದ ಮಕ್ಕಳು ಯಾವಾಗಲೂ ಶಾಲೆಯಲ್ಲಿ ಎಲ್ಲರಿಗಿಂತ ದೊಡ್ಡವರಾಗಿಯೇ ಬೆಳೆಯುತ್ತಾರೆ. ಊರಿನವರು ಕೇಳಿದರೆ ತರಬಹುದಾ ಅಂದರೆ, ಕೇಳಬಹುದು. ಆದರೆ ಪಕ್ಕದಲ್ಲೇ ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದ ಸರ್ಕಾರಿ ಶಾಲೆ ಇದ್ದರೆ ಮೊದಲು ಅದನ್ನು ಒಮ್ಮೆ ಹೋಗಿ ನೋಡಿ ಅಂತಲೇ ನಾನು ಹೇಳುವುದು.

## ತರಗತಿಯ ಒಳಗೆ

ಪುಸ್ತಕ ಎಲ್ಲಾ ಕಡೆ ಒಂದೇ. ಹಾಗಾದ್ರೆ ಇಲ್ಲಿ ಬೇರೆ ಏನು ಕಲಿಸ್ತಾರೆ?

ಪಠ್ಯ ಒಂದೇ, ನಿಜ. ಅಭ್ಯಾಸಗಳು ಬೇರೆ. ಒಳ್ಳೆಯ ಕ್ಯಾಥೋಲಿಕ್ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್‌ಗೆ ಪ್ರತಿ ಮಗುವಿನ ಮನೆಯ ಪರಿಸ್ಥಿತಿ ಗೊತ್ತಿರುತ್ತದೆ. ಯಾರ ಅಪ್ಪ ಕುಡಿಯುತ್ತಾರೆ, ಯಾರ ಅಮ್ಮ ಗಲ್ಫ್‌ನಲ್ಲಿದ್ದಾರೆ, ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾರೆ. ಜೆಸ್ವಿಟ್ ಪಾದ್ರಿಗಳ ಸಂಪ್ರದಾಯದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಇಡೀ ವ್ಯಕ್ತಿಯಾಗಿ ನೋಡಿಕೊಳ್ಳಬೇಕು ಅನ್ನುವುದಕ್ಕೆ ತುಂಬ ತೂಕ ಇದೆ. ಚಿಕ್ಕ ಶಾಲೆಗಳಲ್ಲಿ ಅಷ್ಟು ದೊಡ್ಡ ಮಾತು ಯಾರೂ ಆಡುವುದಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಗೇಟಿನ ಹತ್ತಿರ ನಿಂತು ಒಳಗೆ ಬರುವ ಪ್ರತಿ ಮಗುವಿನ ಮುಖ ನೋಡುತ್ತಾರೆ, ಅಷ್ಟೇ. ಆದರೆ ಜ್ವರ, ಅಳು, ಹಸಿವು ಎಲ್ಲ ಅಲ್ಲೇ ಸಿಕ್ಕಿಬಿಡುತ್ತದೆ.

ಇನ್ನೊಂದು ಅಂದರೆ ಕೈಕೆಲಸ. ತರಗತಿ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಊಟದ ತಟ್ಟೆ ತಾನೇ ತೊಳೆಯುವುದು. ತೋಟದ ಮಾಲೀಕರ ಮಗನೂ ತೋಟದ ಲೆಕ್ಕ ಬರೆಯುವ ರೈಟರ ಮಗಳೂ ಒಂದೇ ಪೊರಕೆ ಹಿಡಿಯುತ್ತಾರೆ. ‘ನನ್ನ ಮಗ ಯಾಕೆ ಗುಡಿಸಬೇಕು’ ಅಂತ ಜಗಳಕ್ಕೆ ಬಂದ ಪೋಷಕರನ್ನು ನಾನೇ ನೋಡಿದ್ದೇನೆ. ಗುಡಿಸಲಿ ಬಿಡಿ, ಏನಾಗುತ್ತೆ?

ಕ್ರಿಶ್ಚಿಯನ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ನಮ್ಮ ಮಕ್ಕಳು ಏನು ಮಾಡ್ತಾರೆ?

ನೀತಿ ಪಾಠಕ್ಕೆ ಕೂರುತ್ತಾರೆ, ಮಾರಲ್ ಸೈನ್ಸ್ ಅಂತ ವೇಳಾಪಟ್ಟಿಯಲ್ಲಿ ಇರುತ್ತದೆ. ಸುಳ್ಳು ಹೇಳಬಾರದು, ಹಂಚಿ ತಿನ್ನಬೇಕು, ಅಜ್ಜಿಗೆ ಸಹಾಯ ಮಾಡಬೇಕು ಅನ್ನುವಂಥ ಪಾಠಗಳು. ಕ್ಯಾಥೋಲಿಕ್ ಮಕ್ಕಳಿಗೆ ಬೈಬಲ್ ಕಥೆ, ಪ್ರಾರ್ಥನೆ, ಪ್ರಥಮ ಪರಮಪ್ರಸಾದದ (ಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವುದು) ತಯಾರಿ. ಈ ತಯಾರಿಯ ಬಹುಪಾಲು ಈಗ ಭಾನುವಾರ ಚರ್ಚಿನಲ್ಲೇ ನಡೆಯುತ್ತದೆ. ನೀತಿ ಪಾಠ ಎಷ್ಟು ಚೆನ್ನಾಗಿರುತ್ತದೆ ಅನ್ನುವುದು ಟೀಚರ್ ಮೇಲೆ ಹೋಗುತ್ತದೆ. ಕೆಲವರು ಪುಸ್ತಕ ಓದಿಸಿ ಮುಗಿಸುತ್ತಾರೆ, ಕೆಲವರು ಆ ದಿನ ಆಟದ ಮೈದಾನದಲ್ಲಿ ಆದ ಜಗಳವನ್ನೇ ಪಾಠ ಮಾಡಿಕೊಳ್ಳುತ್ತಾರೆ.

ಶಿಸ್ತು ಅಂದ್ರೆ ಹೊಡೆಯೋದು ತಾನೇ? ನಮ್ಮ ಕಾಲದಲ್ಲಿ ಸಿಸ್ಟರ್ ಬೆತ್ತ ಅಂದ್ರೆ ಭಯ.

ನಿಮ್ಮ ಕಾಲದಲ್ಲಿ ಹೊಡೆದದ್ದು ನಿಜ, ಸುಮ್ನೆ ಇಲ್ಲ ಅನ್ನುವುದು ಬೇಡ. ವಿಚಿತ್ರ ಏನೆಂದರೆ ಅವರದೇ ಸಂಪ್ರದಾಯದಲ್ಲಿ ಅದರ ವಿರುದ್ಧ ಬಲವಾದ ಮಾತಿದೆ. ಇಟಲಿಯ ಟ್ಯೂರಿನ್‌ನಲ್ಲಿ ಬೀದಿ ಹುಡುಗರ ಜೊತೆ ಬದುಕಿದ ಡಾನ್ ಬಾಸ್ಕೊ 1877ರಲ್ಲೇ ತಮ್ಮ ಪದ್ಧತಿಯನ್ನು ಬರೆದಿಟ್ಟರು. ತಪ್ಪಾದ ಮೇಲೆ ಶಿಕ್ಷಿಸುವುದಕ್ಕಿಂತ ತಪ್ಪು ಆಗದ ಹಾಗೆ ಜೊತೆಗಿರಿ ಅನ್ನುವುದು ಅದರ ತಿರುಳು. ಅದಕ್ಕೆ ಮೂರು ಆಧಾರ: ತಿಳಿಹೇಳುವುದು, ದೈವಭಕ್ತಿ, ಮಮತೆ. ಮಕ್ಕಳು ಆಡುವಾಗ ಮೇಷ್ಟ್ರೂ ಮೈದಾನದಲ್ಲಿರಬೇಕು ಅಂದರು. ಆಟದ ಹೊತ್ತಲ್ಲಿ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವ ನಮಗೆಲ್ಲ ಇದು ಸ್ವಲ್ಪ ಕಷ್ಟದ ಉಪದೇಶ.

ಕಾನೂನಿನ ಮಾತು ಬೇರೆ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ನಮಗೆ ಅನ್ವಯಿಸಲ್ಲ ಅಂತ ಯಾರಾದರೂ ಜಾಣತನ ತೋರಿಸಿದರೆ, ಮಕ್ಕಳ ಮೇಲಿನ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮನೆಯಲ್ಲಿ ಕೊಡವ ತಕ್ಕ್, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಮಾತಾಡಿದ್ರೆ ದಂಡ ಬೇರೆ ಅಂತೆ. ಮಗು ತಬ್ಬಿಬ್ಬಾಗಲ್ವಾ?

ಕೊಡಗಿನ ಒಂದು ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ, ತಮಿಳು, ಯರವರ ನುಡಿ, ಈಗೀಗ ಅಸ್ಸಾಮಿನಿಂದ ಬಂದವರ ಮಾತು, ಎಲ್ಲವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಹಲವು ಭಾಷೆ ಕೇಳಿದ್ದಕ್ಕೆ ಮಗು ತಬ್ಬಿಬ್ಬಾಗುವುದಿಲ್ಲ. ಇಲ್ಲಿನ ಐದು ವರ್ಷದ ಮಗು ಯಾರ ಜೊತೆ ಯಾವ ಭಾಷೆ ಅಂತ ತಾನೇ ಲೆಕ್ಕ ಹಾಕಿಕೊಂಡಿರುತ್ತದೆ. ತಬ್ಬಿಬ್ಬಾಗುವುದು ಗೊತ್ತಿಲ್ಲದ ಭಾಷೆಯಲ್ಲೇ ಮೊದಲ ಸಲ ಅಕ್ಷರ ಕಲಿಸಿ, ಗೊತ್ತಿರುವ ಭಾಷೆಯಲ್ಲಿ ಬಾಯಿ ತೆರೆದರೆ ಐದು ರೂಪಾಯಿ ತಗೊಂಡಾಗ.

ದಂಡದ ಪದ್ಧತಿ ಕೆಲವು ಶಾಲೆಗಳಲ್ಲಿ ಇತ್ತು. ನನ್ನ ಪ್ರಕಾರ ಅದು ಈ ಶಾಲೆಗಳು ಹುಟ್ಟಿದ ಉದ್ದೇಶಕ್ಕೇ ತಿರುಗಿಬಿದ್ದ ಹಾಗೆ. ಡಿ ಲಾ ಸಾಲ್ ಮಕ್ಕಳ ಮಾತಿನಲ್ಲೇ ಓದು ಶುರು ಮಾಡಿಸಿದ್ದು ಯಾಕೆ? ಬಡ ಮಗು ಶಾಲೆಯಲ್ಲಿ ಇರುವುದು ಕೆಲವೇ ವರ್ಷ, ಅಷ್ಟರಲ್ಲಿ ಅದಕ್ಕೆ ಉಪಯೋಗಕ್ಕೆ ಬರುವ ಓದು ಬರಬೇಕು ಅಂತ. ಈಗಿನ ಕಾನೂನು ಏನು ಹೇಳುತ್ತದೆ ಅಂದರೆ, 1ರಿಂದ 4ನೇ ತರಗತಿಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕು ಅನ್ನುವ 1994ರ ರಾಜ್ಯದ ನೀತಿಯನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ಕೊಟ್ಟಿತು. ಮಾಧ್ಯಮ ಆರಿಸುವುದು ಪೋಷಕರಿಗೆ ಬಿಟ್ಟದ್ದು. ಆದರೆ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು, ಅದಕ್ಕೆ 2015ರ ಕಾಯ್ದೆ ಇದೆ. ಶಾಲೆ ನೋಡಲು ಹೋದಾಗ ಇಷ್ಟು ಕೇಳಿ: ಒಂದನೇ ಕ್ಲಾಸಿನ ಟೀಚರ್‌ಗೆ ನನ್ನ ಮಗುವಿನ ಭಾಷೆ ಸ್ವಲ್ಪವಾದರೂ ಬರುತ್ತದಾ?

ನರ್ಸರಿ ಬೋರ್ಡಲ್ಲಿ ‘ಮಾಂಟೆಸ್ಸರಿ’ ಅಂತ ಇದೆ. ಅದೂ ಕ್ಯಾಥೋಲಿಕ್ ಪದ್ಧತಿನಾ?

ಮಾರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ, ಹುಟ್ಟಿನಿಂದ ಕ್ಯಾಥೋಲಿಕ್. 1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಅನ್ನುವ ಬಡ ಕೇರಿಯಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದರು. ಮಗುವಿನ ಕೈಗೆ ಅಳತೆಯಾದ ಸಾಮಾನು, ತಾನೇ ಆರಿಸಿಕೊಂಡ ಕೆಲಸ, ದೊಡ್ಡವರು ಕಡಿಮೆ ಮಾತಾಡುವುದು, ಇವು ಅದರ ಮುಖ್ಯ ಅಂಶಗಳು. ಪದ್ಧತಿ ಯಾವ ಧರ್ಮದ ಆಸ್ತಿಯೂ ಅಲ್ಲ. ಅವರನ್ನು 1939ರಲ್ಲಿ ಭಾರತಕ್ಕೆ ಕರೆಸಿದ್ದೇ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿ. ಯುದ್ಧದ ಕಾಲದಲ್ಲಿ ಕೊಡೈಕೆನಾಲ್‌ನಲ್ಲೂ ಇದ್ದು 1946ರಲ್ಲಿ ವಾಪಸ್ ಹೋದರು. ಕ್ಯಾಥೋಲಿಕ್ ನರ್ಸರಿಗಳಲ್ಲಿ ಕೆಲವು ಇದನ್ನು ಶ್ರದ್ಧೆಯಿಂದ ಮಾಡುತ್ತವೆ. ಇನ್ನು ಕೆಲವಲ್ಲಿ ಬೋರ್ಡಿನಲ್ಲಿ ಮಾತ್ರ ಮಾಂಟೆಸ್ಸರಿ, ಒಳಗೆ ಕಾಪಿ ಬರೆಸುವುದು. ಮೂರು ವರ್ಷದ ಮಗುವಿಗೆ ಹೋಂವರ್ಕ್ ಕೊಟ್ಟರೆ ಅದು ಮಾಂಟೆಸ್ಸರಿ ಅಲ್ಲ ಅಂತ ತಿಳಿದುಕೊಳ್ಳಿ.

ಮಳೆ ರಜೆ, ಪುತ್ತರಿ, ಆನೆ... ಇಷ್ಟೆಲ್ಲ ರಜೆ ಆದ್ರೆ ಪಾಠ ಮುಗಿಯುತ್ತಾ?

ಜೂನ್‌ನಿಂದ ಆಗಸ್ಟ್‌ವರೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಕ್ಯಾಥೋಲಿಕ್ ಶಾಲೆಗೂ ರಜೆ. ಆಮೇಲೆ ಶನಿವಾರ ಪೂರ್ತಿ ದಿನ ನಡೆಸಿ ಸರಿದೂಗಿಸುತ್ತಾರೆ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿಗೆ ಸ್ಥಳೀಯ ರಜೆ ಇದ್ದೇ ಇದೆ. ಸಿದ್ದಾಪುರ, ಅಮ್ಮತ್ತಿ ಕಡೆ ದಾರಿಯಲ್ಲಿ ಆನೆ ನಿಂತಿದೆ ಅಂತ ಬಸ್ ತಡವಾದರೆ ಯಾವ ಟೀಚರೂ ಬೈಯುವುದಿಲ್ಲ. ಪಾಠ ಮುಗಿಯುತ್ತದೆ, ಚಿಂತೆ ಬೇಡ.

## ಸ್ವಲ್ಪ ಆಳಕ್ಕೆ

ಆರ್‌ಟಿಇ ಸೀಟು ಕೇಳಿದ್ರೆ ‘ನಮ್ಮದು ಮೈನಾರಿಟಿ’ ಅಂತಾರೆ. ಇದು ತಪ್ಪಿಸಿಕೊಳ್ಳೋ ದಾರಿ ಅಲ್ವಾ?

ಆರ್‌ಟಿಇ ಸೀಟು ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಮೀಸಲಿಡುವ ಸೀಟು. ಕಾನೂನಿನ ಪ್ರಕಾರ ಅವರು ಹೇಳುವುದು ಸರಿ. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಇದನ್ನು ಆಧರಿಸಿ ಸುಪ್ರೀಂ ಕೋರ್ಟ್ ಪ್ರಮತಿ ಪ್ರಕರಣದಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಅಂದಿತು. ಆ ತೀರ್ಪು ಬಂದದ್ದೂ 2014ರ ಮೇ 6ರಂದೇ, ಮಾಧ್ಯಮದ ತೀರ್ಪಿನ ದಿನವೇ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪ್ರಮತಿ ತೀರ್ಪು ಸರಿಯೇ ಅಂತ ಅನುಮಾನ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಬೇಕು ಅಂದರು.

ಆದರೆ ನಿಮ್ಮ ಸಿಟ್ಟೂ ನನಗೆ ಅರ್ಥವಾಗುತ್ತದೆ. ಹಕ್ಕು ಇದೆ ಅಂತ ಬಾಗಿಲು ಹಾಕುವುದು ಒಂದು. ಹಕ್ಕು ಇದೆ, ಆದರೂ ಇಷ್ಟು ಬಡ ಮಕ್ಕಳನ್ನು ನಾವೇ ತೆಗೆದುಕೊಳ್ಳುತ್ತೇವೆ ಅನ್ನುವುದು ಇನ್ನೊಂದು. ಎರಡೂ ಬಗೆಯ ಶಾಲೆಗಳು ನಮ್ಮ ಜಿಲ್ಲೆಯಲ್ಲಿವೆ.

ಬಡವರಿಗಾಗಿ ಶುರುವಾದ ಶಾಲೆ ಅಂತೀರಿ. ಹಾಗಾದ್ರೆ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಮಕ್ಕಳು ಅಲ್ಲಿ ಯಾಕೆ ಕಾಣಲ್ಲ?

ಈ ಪ್ರಶ್ನೆಯನ್ನು ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ಕೇಳಲಿ ಅಂತ ನನಗೆ ತುಂಬ ಸಲ ಅನ್ನಿಸಿದೆ.

ಕಾರಣ ಒಂದಲ್ಲ. ಅನುದಾನ ಇರುವ ಹಳೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ತೋಟದ ಮಕ್ಕಳು ಬರುತ್ತಿದ್ದರು. ಅಲ್ಲಿ ಬಿಸಿಯೂಟ ಇದೆ, ಫೀಸು ಇಲ್ಲದಷ್ಟು ಕಡಿಮೆ. ಆಮೇಲೆ ಇಂಗ್ಲಿಷ್ ಬೇಕು ಅಂತ ಊರಿಗೆ ಊರೇ ಎದ್ದು ನಿಂತಿತು. ಅದೇ ಆವರಣದಲ್ಲಿ ಅನುದಾನ ಇಲ್ಲದ ಇಂಗ್ಲಿಷ್ ಮಾಧ್ಯಮ ಬಂತು, ಅದಕ್ಕೆ ಫೀಸು ಬಂತು. ಕನ್ನಡ ಮಾಧ್ಯಮದಲ್ಲಿ ನಿವೃತ್ತರಾದವರ ಜಾಗಕ್ಕೆ ಹೊಸಬರು ಬರುವುದು ತಡವಾಯಿತು, ಮಕ್ಕಳೂ ಕಡಿಮೆಯಾದರು. ಹೀಗೆ ಯಾರೂ ಬಾಗಿಲು ಹಾಕದೆಯೇ ಬಾಗಿಲು ಹಾಕಿಕೊಂಡಿತು. ತೋಟದ ಕೆಲಸದವರ ಬದುಕೂ ಒಂದು ಕಡೆ ನಿಲ್ಲುವುದಿಲ್ಲ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಮುಗಿಯುವ ತನಕ ಒಂದು ತೋಟ, ಆಮೇಲೆ ಇನ್ನೊಂದು. ದೊಡ್ಡ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಲೈನ್ ಮನೆಯಲ್ಲೇ ಉಳಿಯುತ್ತಾಳೆ. ದಾಖಲೆ ಇಲ್ಲ, ಕನ್ನಡವೂ ಸರಿಯಾಗಿ ಬರಲ್ಲ, ಅರ್ಜಿ ತುಂಬುವವರಿಲ್ಲ.

ಚರ್ಚಿನ ಸ್ವಂತ ಮಾತು ಇಲ್ಲಿ ಬಹಳ ಬಿಗಿಯಾಗಿದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆ ಕ್ಯಾಥೋಲಿಕ್ ಶಾಲೆಗಳು ಮುಖ್ಯವಾಗಿ ಬಡವರ, ಮನೆಯ ಆಸರೆ ಇಲ್ಲದವರ, ಬೇರೆ ನಂಬಿಕೆಯವರ ಅಗತ್ಯ ನೋಡಬೇಕು ಅನ್ನುತ್ತದೆ. ಅದನ್ನು ಪಾಲಿಸುವವರು ಹೇಗೆ ಮಾಡುತ್ತಾರೆ ಅಂದರೆ, ಫೀಸು ಕಟ್ಟಬಲ್ಲವರಿಂದ ಪೂರ್ತಿ ತೆಗೆದುಕೊಂಡು ಕಟ್ಟಲಾಗದವರದ್ದನ್ನು ಸದ್ದಿಲ್ಲದೆ ಬಿಡುತ್ತಾರೆ. ಕೊಯ್ಲಿನ ಕಾಲದಲ್ಲಿ ಸಿಸ್ಟರ್‌ಗಳು ಲೈನ್ ಮನೆಗೇ ಹೋಗಿ ಮಕ್ಕಳನ್ನು ಕರೆತರುತ್ತಾರೆ. ತಂಗಿ ತಮ್ಮಂದಿರಿಗೆ ಶಾಲೆಯಲ್ಲೇ ಒಂದು ಮೂಲೆ ಮಾಡಿಕೊಡುತ್ತಾರೆ, ಅಕ್ಕ ಆಗ ತಾನಾಗೇ ತರಗತಿಗೆ ಬರುತ್ತಾಳೆ. ಯಾವುದಾದರೂ ಶಾಲೆ ತನ್ನ ಕ್ಯಾಥೋಲಿಕ್ ತನದ ಬಗ್ಗೆ ಜೋರಾಗಿ ಹೇಳಿಕೊಂಡರೆ ನಾನು ಕೇಳುವುದು ಇಷ್ಟೇ: ಈ ವರ್ಷ ಎಷ್ಟು ಮಕ್ಕಳ ಫೀಸು ಬಿಟ್ಟಿದ್ದೀರಿ, ಅವರಲ್ಲಿ ಎಷ್ಟು ಮಂದಿ ಏಳನೇ ತರಗತಿ ಮುಟ್ಟಿದರು?

ಶಾಲೆ ಚೆನ್ನಾಗಿಲ್ಲ ಅಂದ್ರೆ ಚರ್ಚಿನವರಿಗೆ ಕೇಳೋ ಅಧಿಕಾರ ಇದ್ಯಾ?

ಇದೆ. ಧರ್ಮಸಭೆಯ ಸಂಹಿತೆಯ 806ನೇ ಕಲಂ ಪ್ರಕಾರ ಬಿಷಪ್ಪರು ತಮ್ಮ ವ್ಯಾಪ್ತಿಯ ಎಲ್ಲ ಕ್ಯಾಥೋಲಿಕ್ ಶಾಲೆಗಳಿಗೂ ಭೇಟಿ ಕೊಟ್ಟು ನೋಡಬಹುದು, ಸಿಸ್ಟರ್‌ಗಳ ಸಭೆ ನಡೆಸುವ ಶಾಲೆಯಾದರೂ ಸರಿ. ಅದೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಅಲ್ಲಿನ ಪಾಠದ ಮಟ್ಟ ಕಡೇಪಕ್ಷ ಸುತ್ತಲಿನ ಬೇರೆ ಶಾಲೆಗಳಷ್ಟಾದರೂ ಇರಬೇಕು. ಭಕ್ತಿ ಇದೆ, ಪಾಠ ಹೇಗೋ ಆಗುತ್ತೆ ಅನ್ನುವ ನೆಪಕ್ಕೆ ಜಾಗ ಇಲ್ಲ.

ದೂರು ಇದ್ರೆ ಯಾರ ಹತ್ರ ಹೋಗಬೇಕು? ಫಾದರ್‌ಗೆ ಹೇಳಿದ್ರೆ ಮಗುಗೆ ತೊಂದರೆ ಕೊಡ್ತಾರಾ ಅಂತ ಭಯ.

ಮೊದಲು ತರಗತಿ ಟೀಚರ್, ಆಮೇಲೆ ಹೆಡ್‌ಮಿಸ್ಟ್ರೆಸ್. ಅಲ್ಲಿ ಆಗದಿದ್ದರೆ ವ್ಯವಸ್ಥಾಪಕರಿಗೆ ಬರೆದು ಕೊಡಿ, ಬಾಯಲ್ಲಿ ಹೇಳಬೇಡಿ. ತಾರೀಕು ಹಾಕಿ, ನಕಲು ಇಟ್ಟುಕೊಂಡು, ಸ್ವೀಕೃತಿ ಸಹಿ ಕೇಳಿ. ಶಾಲೆ ಧರ್ಮಕ್ಷೇತ್ರದ್ದಾದರೆ ಮೈಸೂರಿನ ಬಿಷಪ್ಪರ ಕಚೇರಿಗೆ, ಸಭೆಯದ್ದಾದರೆ ಅದರ ಪ್ರಾಂತೀಯ ಮುಖ್ಯಸ್ಥೆಗೆ ಪತ್ರ ಹಾಕಬಹುದು. ಸರ್ಕಾರದ ಕಡೆಯಿಂದ ತಾಲೂಕಿನ ಬಿಇಒ, ಮಡಿಕೇರಿಯ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿ ಇವೆ. ಅಲ್ಪಸಂಖ್ಯಾತ ಶಾಲೆ ಅಂದ ಮಾತ್ರಕ್ಕೆ ಇಲಾಖೆಯ ಮಾನ್ಯತೆಯ ಷರತ್ತುಗಳು ಹೋಗಿಬಿಡುವುದಿಲ್ಲ. ಮಗುವಿಗೆ ಹೊಡೆತ, ಕಿರುಕುಳ ಅಥವಾ ಅದಕ್ಕಿಂತ ಕೆಟ್ಟದ್ದೇನಾದರೂ ಆಗಿದ್ದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತುತ್ತಾ ಕೂರಬೇಡಿ. ನೇರವಾಗಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ಪೊಲೀಸ್ ಠಾಣೆಗೆ ಹೋಗಿ. ಫಾದರ್ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.